ಬೋರ್ಡಿನಲ್ಲಿ ಆಂಗ್ಲಿಕನ್ ಅಂತಿದೆ, ಆದರೆ ಯಾವ ಆಂಗ್ಲಿಕನ್?

ಪ್ರಶ್ನೆ: ನಾವು ತುಮಕೂರಿನವರು, ಮೂರು ತಲೆಮಾರಿನಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಯಜಮಾನರ ಕೆಲಸಕ್ಕಾಗಿ ಟೆಕ್ಸಾಸ್‌ನ ಫೋರ್ಟ್ ವರ್ತ್ ಹತ್ತಿರ ಬಂದು ಎಂಟು ತಿಂಗಳಾಯಿತು. ಇಲ್ಲಿ ಮೂರು ಚರ್ಚಿಗೆ ಹೋಗಿ ನೋಡಿದೆವು. ಒಂದರ ಬೋರ್ಡಿನಲ್ಲಿ ಎಪಿಸ್ಕೋಪಲ್ ಅಂತಿದೆ, ಇನ್ನೊಂದರಲ್ಲಿ ಆಂಗ್ಲಿಕನ್, ಮೂರನೆಯದರಲ್ಲಿ ಆಂಗ್ಲಿಕನ್ ಕ್ಯಾಥೊಲಿಕ್. ಆರಾಧನೆ ಮೂರೂ ಕಡೆ ಹೆಚ್ಚು ಕಮ್ಮಿ ಒಂದೇ ಥರ. ಆದರೆ ಎರಡನೆಯವರು ‘ನಾವು ಕ್ಯಾಂಟರ್ಬರಿಗೆ ಸೇರಿದವರಲ್ಲ’ ಅಂದರು. ಮೂರನೆಯವರು ಆ ಎರಡನೆಯವರನ್ನೂ ಒಪ್ಪುವುದಿಲ್ಲವಂತೆ. ಇವರೆಲ್ಲ ಯಾರು? ನಮಗೆ ಯಾವುದು ಸರಿ? ಮಗುವಿಗೆ ದೀಕ್ಷಾಸ್ನಾನ ಬೇರೆ ಆಗಬೇಕು. ಮೂರನೇ ಚರ್ಚಿನಲ್ಲಿ ಧೂಪ ಹಾಕಿದ್ದು ನೋಡಿ ನಮ್ಮತ್ತೆ ‘ಇವರು ರೋಮನ್ನರಾ?’ ಅಂತ ದಿನಾ ಕೇಳ್ತಿದ್ದಾರೆ.

ಉತ್ತರ: ಗೊಂದಲ ನಿಮ್ಮದಲ್ಲ, ಬೋರ್ಡುಗಳದ್ದು. ಅದರಲ್ಲೂ ನೀವು ಹೋಗಿ ಸೇರಿಕೊಂಡಿರುವ ಊರು ಈ ಜಗಳದ ನಡುಮನೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಕಾಫಿ ಇಟ್ಟುಕೊಂಡು ಓದಿ. ಅತ್ತೆಯವರ ಪ್ರಶ್ನೆ ಚೆನ್ನಾಗಿದೆ. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಇಂಗ್ಲೆಂಡಿನ ಸಭೆ 1534ರಲ್ಲಿ, ಎಂಟನೇ ಹೆನ್ರಿಯ ಕಾಲದಲ್ಲಿ, ಪೋಪರಿಂದ ಬೇರೆಯಾಯಿತು. ಬೇರೆಯಾದರೂ ಬಿಷಪ್ಪರನ್ನು ಉಳಿಸಿಕೊಂಡಿತು. ಸ್ವಂತ ಪ್ರಾರ್ಥನಾ ಪುಸ್ತಕ ಮಾಡಿಕೊಂಡಿತು. ಆಮೇಲೆ ಬ್ರಿಟಿಷರು ಹೋದ ಕಡೆಯೆಲ್ಲ ಹೋಯಿತು. ಹೀಗೆ ಬೆಳೆದ ಸಭೆಗಳ ಒಕ್ಕೂಟವೇ ಆಂಗ್ಲಿಕನ್ ಕಮ್ಯೂನಿಯನ್. ಇವತ್ತು ಅದರಲ್ಲಿ 42 ಪ್ರಾಂತ್ಯಗಳಿವೆ, ಸಿ.ಎಸ್.ಐ. ಕೂಡ ಒಂದು. ಆದರೆ ಇಲ್ಲಿ ಪೋಪ್ ಇಲ್ಲ. ಇಂಗ್ಲೆಂಡಿನ ಸಭೆಯ ಹಿರಿಯರಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಲ್ಲರನ್ನೂ ಕರೆಯಬಹುದು, ಕೂರಿಸಿ ಮಾತಾಡಿಸಬಹುದು, ಅಪ್ಪಣೆ ಮಾಡುವಂತಿಲ್ಲ. 1867ರಿಂದ ನಡೆಯುತ್ತಿರುವ ಲ್ಯಾಂಬೆತ್ ಸಮ್ಮೇಳನಕ್ಕೆ ಅವರ ಕರೆ ಬಂದರೆ ನೀವು ಒಕ್ಕೂಟದವರು. ಬರದಿದ್ದರೆ ಅಲ್ಲ. ದೊಡ್ಡ ಕುಟುಂಬದ ಮದುವೆ ಪತ್ರಿಕೆ ಇದ್ದಂತೆ.

ಆದ್ದರಿಂದ ‘ಆಂಗ್ಲಿಕನ್’ ಅನ್ನೋ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ಪ್ರಾರ್ಥನಾ ಪುಸ್ತಕ ಇಟ್ಟುಕೊಂಡು, ಒಬ್ಬ ಬಿಷಪ್ಪರನ್ನು ಮಾಡಿಕೊಂಡರೆ ಬೋರ್ಡು ಹಾಕಬಹುದು. ಕಷ್ಟ ಇರುವುದು ಬಿಷಪ್ಪರನ್ನು ಮಾಡಿಕೊಳ್ಳುವುದರಲ್ಲಿ.

ಬಿಷಪ್ ಅಂದರೆ ಬರೀ ಆಡಳಿತಗಾರ ಅಲ್ಲ ಅನ್ನುವುದು ಇವರ ನಂಬಿಕೆ. ಅಪೊಸ್ತಲರು ತಮ್ಮ ನಂತರದವರ ತಲೆ ಮೇಲೆ ಕೈಯಿಟ್ಟರು. ಅವರು ಮುಂದಿನವರ ತಲೆ ಮೇಲೆ ಇಟ್ಟರು. ಆ ಸರಪಳಿ ಎಲ್ಲೂ ಕಡಿಯದೆ ಇಲ್ಲಿಯವರೆಗೆ ಬಂದಿರಬೇಕು. ಹೊಸ ಬಿಷಪ್ಪರ ಮೇಲೆ ಕನಿಷ್ಠ ಮೂವರು ಬಿಷಪ್ಪರು ಕೈಯಿಡಬೇಕು ಅಂತ ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಕೂಡಿದ ಬಿಷಪ್ಪರ ಮಹಾಸಭೆಯೇ ಹೇಳಿದೆ. ಈ ‘ಮೂವರು’ ಎಂಬ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ. ಯಾವ ಆಂಗ್ಲಿಕನ್ ಸಭೆ ಎದುರಾದರೂ ನಾನು ಮೊದಲು ಕೇಳುವುದು ಅವರು ಸಂಪ್ರದಾಯಸ್ಥರಾ, ಉದಾರವಾದಿಗಳಾ ಅಂತಲ್ಲ. ನಿಮ್ಮ ಬಿಷಪ್ ಯಾರು, ಅವರ ತಲೆ ಮೇಲೆ ಕೈಯಿಟ್ಟವರು ಯಾರು? ಇದೊಂದು ಗೊತ್ತಾದರೆ ಮುಕ್ಕಾಲು ಕಥೆ ಗೊತ್ತಾದಂತೆ.

ಈಗ ಒಂದು ವಿಷಯ ಹೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಈ ಸರಪಳಿಯ ಜಗಳ ಕಳೆದ ಶತಮಾನದಲ್ಲಿ ಜೋರಾಗಿ ಎದ್ದದ್ದು ನಮ್ಮ ಸಿ.ಎಸ್.ಐ. ಬಗ್ಗೆಯೇ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಮತ್ತು ಅದಾಗಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್-ಕಾಂಗ್ರಿಗೇಶನಲ್ ಸಭೆಗಳವರು ಸೇರಿ ಒಂದು ಸಭೆಯಾದರು. ಮುಂದೆ ಎಲ್ಲ ಅಭಿಷೇಕಗಳನ್ನೂ, ಅಂದರೆ ತಲೆ ಮೇಲೆ ಕೈಯಿಟ್ಟು ಪಾದ್ರಿ ಮಾಡುವುದನ್ನು, ಬಿಷಪ್ಪರೇ ಮಾಡುವುದು ಅಂತ ಒಪ್ಪಿದರು. ಆದರೆ ಅದುವರೆಗೆ ಬಿಷಪ್ಪರ ಕೈ ತಾಕದೆ ಸೇವೆ ಮಾಡುತ್ತಿದ್ದ ಮೆಥಡಿಸ್ಟ್ ಪಾದ್ರಿಗಳಿಗೆ ಮತ್ತೆ ಅಭಿಷೇಕ ಮಾಡಲಿಲ್ಲ. ಅವರು ಹಾಗೆಯೇ ಸೇರಿಕೊಂಡರು. ಇದಕ್ಕೆ ಇಂಗ್ಲೆಂಡಿನಲ್ಲಿ ಕೋಲಾಹಲವೇ ಆಯಿತು. ಕವಿ ಟಿ.ಎಸ್. ಎಲಿಯಟ್ ಈ ಯೋಜನೆಯ ವಿರುದ್ಧ 1943ರಲ್ಲೇ ಒಂದು ಕಿರುಹೊತ್ತಿಗೆ ಬರೆದಿದ್ದರು. 1948ರ ಲ್ಯಾಂಬೆತ್‌ನಲ್ಲಿ ಸಿ.ಎಸ್.ಐ. ಅಭಿಷೇಕಗಳ ಬಗ್ಗೆ ಒಮ್ಮತ ಬರಲಿಲ್ಲ. ಒಕ್ಕೂಟದ ಪೂರ್ಣ ಸದಸ್ಯತ್ವಕ್ಕೆ ದಶಕಗಳೇ ಬೇಕಾದವು. ಆಂಧ್ರದ ನಂದ್ಯಾಲದ ಸುತ್ತಲಿನ ಆಂಗ್ಲಿಕನ್ ಸಭೆಗಳಂತೂ ಹೊಸ ಸಭೆಗೆ ಸೇರದೆ ಹೊರಗೇ ಉಳಿದು, ಎಷ್ಟೋ ವರ್ಷಗಳ ಮೇಲೆ ಬಂದವು. ತಮಾಷೆ ನೋಡಿ, ಸಿ.ಎಸ್.ಐ.ಗೆ ಮೊದಲ ಮಹಿಳಾ ಬಿಷಪ್ ಸಿಕ್ಕಿದ್ದು ಅದೇ ನಂದ್ಯಾಲದಲ್ಲಿ, 2013ರ ಸೆಪ್ಟೆಂಬರಿನಲ್ಲಿ, ಎಗ್ಗೋನಿ ಪುಷ್ಪಲಲಿತಾ ಅವರು.

ತುಮಕೂರು ವೆಸ್ಲಿಯನ್ ಮಿಷನ್ನಿನ ಸೀಮೆ. ಅಂದರೆ ನಿಮ್ಮ ಮುತ್ತಜ್ಜನವರು ಮೆಥಡಿಸ್ಟರಾಗಿದ್ದಿರಬಹುದು, ಆಂಗ್ಲಿಕನ್ನರಲ್ಲ. ಮಂಗಳೂರು, ಧಾರವಾಡದ ಕಡೆಯವರಿಗೆ ಬಾಸೆಲ್ ಮಿಷನ್ ಇತ್ತು, ಬಳ್ಳಾರಿಯವರಿಗೆ ಲಂಡನ್ ಮಿಷನ್. ಮೂರನೇ ಚರ್ಚಿನವರು ನಿಮ್ಮನ್ನು ನೋಡುವಾಗ ಅವರ ಮನಸ್ಸಿನಲ್ಲಿ ಈ ಲೆಕ್ಕ ಓಡುತ್ತಿರಲೂಬಹುದು. ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಅಮೆರಿಕ. ಅಲ್ಲಿಯ ಆಂಗ್ಲಿಕನ್ ಸಭೆಯ ಹೆಸರು ಎಪಿಸ್ಕೋಪಲ್ ಚರ್ಚ್. ನೀವು ನೋಡಿದ ಮೊದಲನೆಯದು ಅದು ಅಂದುಕೊಳ್ಳೋಣ. ಅದರಿಂದ ಮೊದಲು ಹೊರಗೆ ಹೋದವರು 1873ರಲ್ಲಿ ಹೋದರು. ಕೆಂಟಕಿಯ ಸಹಾಯಕ ಬಿಷಪ್ ಜಾರ್ಜ್ ಕಮ್ಮಿನ್ಸ್ ನ್ಯೂಯಾರ್ಕಿನಲ್ಲಿ ಬೇರೆ ಪ್ರಾಟೆಸ್ಟೆಂಟರ ಜೊತೆ ಕೂತು ಪ್ರಭುಭೋಜನ ತೆಗೆದುಕೊಂಡರು. ಧೂಪ-ದೀಪದ ಕಡೆ ವಾಲುತ್ತಿದ್ದ ಸಭೆಯೊಳಗೆ ಅದು ದೊಡ್ಡ ಗಲಾಟೆಯಾಯಿತು. ಅವರು ಹೊರಬಂದು ರಿಫಾರ್ಮ್ಡ್ ಎಪಿಸ್ಕೋಪಲ್ ಚರ್ಚ್ ಕಟ್ಟಿದರು. ಸಭೆ ರೋಮಿನ ಕಡೆ ಜಾಸ್ತಿ ಹೋಗುತ್ತಿದೆ ಅನ್ನುವುದು ಅವರ ದೂರು.

ನೂರು ವರ್ಷ ಕಳೆದ ಮೇಲೆ ಹೊರಟವರ ದೂರು ಇದಕ್ಕೆ ಪೂರ್ತಿ ಉಲ್ಟಾ. ನಿಮ್ಮ ಮೂರನೇ ಚರ್ಚು ಇವರದ್ದು.

1974ರಲ್ಲಿ ಫಿಲಡೆಲ್ಫಿಯಾದಲ್ಲಿ ಹನ್ನೊಂದು ಮಹಿಳೆಯರಿಗೆ, ಸಭೆಯ ಕಾನೂನು ಇನ್ನೂ ಒಪ್ಪದಿರುವಾಗಲೇ, ಅಭಿಷೇಕ ಮಾಡಿದರು. 1976ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೇರಿದ ಮಹಾಸಭೆ ಅದನ್ನು ಕಾನೂನೇ ಮಾಡಿತು. ಅದೇ ಸಭೆಯಲ್ಲಿ ಹಳೇ ಪ್ರಾರ್ಥನಾ ಪುಸ್ತಕದ ಬದಲು ಹೊಸದನ್ನು ತರುವುದಕ್ಕೂ ಮೊದಲ ಒಪ್ಪಿಗೆ ಬಿತ್ತು. ಎರಡು ಏಟು ಒಟ್ಟಿಗೆ. ಅಜ್ಜ-ಅಜ್ಜಿಯ ಬಾಯಲ್ಲಿ ಕೇಳಿ ಬಾಯಿಪಾಠವಾದ ಮಾತುಗಳು ಹೋಗುತ್ತವೆ ಅಂದರೆ ಜನಕ್ಕೆ ಹೇಗಾಗುತ್ತದೆ ಅಂತ ನಮಗೆ ಗೊತ್ತಿಲ್ಲವೇ? ಹಳೇ ಕೀರ್ತನೆಗಳ ಪುಸ್ತಕ ಬದಲಾಯಿಸುತ್ತೇವೆ ಅಂತ ನಿಮ್ಮ ಸಭೆಯಲ್ಲಿ ಹೇಳಿ ನೋಡಿ.

1977ರ ಸೆಪ್ಟೆಂಬರಿನಲ್ಲಿ ಸೇಂಟ್ ಲೂಯಿಸ್ ಊರಲ್ಲಿ ಸುಮಾರು ಎರಡು ಸಾವಿರ ಜನ ಸೇರಿದರು. ‘ಸಭೆ ಬಿಟ್ಟವರು ನಾವಲ್ಲ, ಸಭೆಯೇ ನಮ್ಮನ್ನು ಬಿಟ್ಟು ಹೋಗಿದೆ, ನಾವು ಹಳೆಯದನ್ನು ಮುಂದುವರಿಸುತ್ತೇವೆ’ ಅನ್ನುವುದು ಅವರ ನಿಲುವು. ಅದಕ್ಕೇ ಇವರಿಗೆ ಕಂಟಿನ್ಯೂಯಿಂಗ್ ಆಂಗ್ಲಿಕನ್ನರು ಅಂತ ಹೆಸರು ಬಂತು. ಒಂದು ಘೋಷಣೆ ಬರೆದರು. ಅಭಿಷೇಕ ಗಂಡಸರಿಗೆ ಮಾತ್ರ, ಸಂಸ್ಕಾರಗಳು ಏಳು, ಹಳೇ ಪ್ರಾರ್ಥನಾ ಪುಸ್ತಕ. ಅಮೆರಿಕದಲ್ಲಿ ಹಳೆಯದು ಅಂದರೆ 1928ರ ಆವೃತ್ತಿ.

ಆದರೆ ಬಿಷಪ್ಪರೆಲ್ಲಿ? ನಿವೃತ್ತರಾಗಿದ್ದ ಆಲ್ಬರ್ಟ್ ಚೇಂಬರ್ಸ್ ಮುಂದೆ ಬಂದರು. ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ಬಿಷಪ್ ಆಗಿದ್ದವರು. ಫಿಲಿಪೀನ್ಸಿನ ಸ್ವತಂತ್ರ ಸಭೆಯಿಂದ ಫ್ರಾನ್ಸಿಸ್ಕೊ ಪಗ್ತಾಖಾನ್ ಬಂದರು. ಮೂರನೆಯವರು ಕೊರಿಯಾದ ಬಿಷಪ್ ಮಾರ್ಕ್ ಪೇ. ಅವರು ಬರಲಿಲ್ಲ, ಒಪ್ಪಿಗೆಯ ಪತ್ರ ಬಂತು. 1978ರ ಜನವರಿ 28ರಂದು ಡೆನ್ವರ್‌ನಲ್ಲಿ ಚಾರ್ಲ್ಸ್ ಡೋರನ್ ಅವರ ತಲೆ ಮೇಲೆ ಬಿದ್ದದ್ದು ಇಬ್ಬರದೇ ಕೈ. ಆಮೇಲೆ ಡೋರನ್ ಅವರ ಕೈಯನ್ನೂ ಸೇರಿಸಿಕೊಂಡು ಇನ್ನೂ ಮೂವರನ್ನು ಬಿಷಪ್ ಮಾಡಿದರು. ಪತ್ರ ಕಳಿಸಿದರೆ ಕೈಯಿಟ್ಟಂತೆ ಆಗುತ್ತದಾ? ಈ ಚರ್ಚೆ ವರ್ಷಗಟ್ಟಲೆ ನಡೆಯಿತು. ಹೊರಗಿನವರಿಗೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಸರಪಳಿಗಾಗಿಯೇ ಮನೆ ಬಿಟ್ಟು ಬಂದವರಿಗೆ ತಮ್ಮ ಮೊದಲ ಕೊಂಡಿಯ ಮೇಲೇ ಅನುಮಾನ ಬಂದರೆ ಹೇಗೆ? ಆ ನಾಲ್ವರೂ ಒಟ್ಟಿಗೆ ಉಳಿಯಲಿಲ್ಲ. ಕೆಲವರು ಅದೇ ವರ್ಷ ನಿಮ್ಮ ಪಕ್ಕದ ಡಲ್ಲಾಸ್‌ನಲ್ಲಿ ಕೂತು ಆಂಗ್ಲಿಕನ್ ಕ್ಯಾಥೊಲಿಕ್ ಚರ್ಚಿನ ಸಂವಿಧಾನ ಬರೆದರು. ಕೆಲವರು ಕ್ರೈಸ್ಟ್ ದಿ ಕಿಂಗ್ ಹೆಸರಿನಲ್ಲಿ ಬೇರೆ ನಡೆದರು. ಡೋರನ್ ಸಹ ಆಚೆ ಹೋಗಿ 1981ರಲ್ಲಿ ಇನ್ನೊಂದನ್ನು ಕಟ್ಟಿದರು. ನಂತರದ ಕವಲುಗಳನ್ನು ಎಣಿಸುತ್ತಾ ಕೂತರೆ ನಿಮ್ಮ ಕಾಫಿ ಆರಿಹೋಗುತ್ತದೆ.

ಒಂದು ಮಾತ್ರ ಹೇಳಲೇಬೇಕು. 2017ರ ಅಕ್ಟೋಬರಿನಲ್ಲಿ ಅಟ್ಲಾಂಟಾದಲ್ಲಿ ಇವುಗಳಲ್ಲಿ ನಾಲ್ಕು ಸಭೆಗಳು ಪೂರ್ಣ ಅನ್ಯೋನ್ಯತೆಯ, ಅಂದರೆ ಒಬ್ಬರ ಪಾದ್ರಿಗಳನ್ನೂ ಸಂಸ್ಕಾರಗಳನ್ನೂ ಇನ್ನೊಬ್ಬರು ಒಪ್ಪುವ, ಒಪ್ಪಂದಕ್ಕೆ ಸಹಿ ಹಾಕಿದವು. ಇವರ ಇತಿಹಾಸದಲ್ಲಿ ಒಡೆದದ್ದೇ ಹೆಚ್ಚು, ಕೂಡಿದ್ದು ಅಪರೂಪ. ಹಾಗಾಗಿ ಇದು ಸಣ್ಣ ಸಂಗತಿಯಲ್ಲ. ನನಗೆ ಇವರ ಮೇಲೆ ಸ್ವಲ್ಪ ಪ್ರೀತಿ ಇದೆ ಅಂತ ಒಪ್ಪಿಕೊಳ್ಳುತ್ತೇನೆ. ಹೆಚ್ಚಿನವರು ಕಟ್ಟಡ, ಪಿಂಚಣಿ, ಹೆಸರು ಎಲ್ಲಾ ಬಿಟ್ಟು ಹೊರಬಂದವರು. ಬಾಡಿಗೆ ಕೋಣೆಗಳಲ್ಲಿ ಇಪ್ಪತ್ತು ಮೂವತ್ತು ಜನ ಕೂತು ಹಳೇ ಪ್ರಾರ್ಥನೆ ಹೇಳಿದವರು.

ನಿಮ್ಮ ಎರಡನೇ ಚರ್ಚಿನ ಕಥೆ ಬೇರೆ. ಅದು ಆಂಗ್ಲಿಕನ್ ಚರ್ಚ್ ಇನ್ ನಾರ್ತ್ ಅಮೆರಿಕ, ಎ.ಸಿ.ಎನ್.ಎ., ಆಗಿರಬೇಕು. 2003ರ ನವೆಂಬರಿನಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಜೀನ್ ರಾಬಿನ್ಸನ್ ಬಿಷಪ್ ಆದರು. ಅವರು ತಮ್ಮ ಗಂಡು ಸಂಗಾತಿಯ ಜೊತೆ ಬಹಿರಂಗವಾಗಿ ಬಾಳುತ್ತಿದ್ದವರು. ಒಳಗೊಳಗೇ ಬೇಯುತ್ತಿದ್ದ ಅಸಮಾಧಾನ ಆಗ ಉಕ್ಕಿತು. ಆದರೆ ಈ ಸಲ ಹೊರಟವರು 1977ರವರ ಹಾಗೆ ಬರಿಗೈಯಲ್ಲಿ ಹೋಗಲಿಲ್ಲ. ಅಪ್ಪನ ಜೊತೆ ಜಗಳವಾದಾಗ ದೊಡ್ಡಪ್ಪನ ಮನೆಗೆ ಹೋಗಿ ‘ನಾನಿನ್ನೂ ಇದೇ ಮನೆತನದವನು’ ಅನ್ನುತ್ತಾರಲ್ಲ, ಹಾಗೆ ಮಾಡಿದರು. ಇದಕ್ಕೆ ದಾರಿ ಮೊದಲೇ ತೆರೆದಿತ್ತು. 2000ದ ಜನವರಿಯಲ್ಲಿ ರುವಾಂಡಾ ಮತ್ತು ಆಗ್ನೇಯ ಏಷ್ಯಾದ ಆರ್ಚ್‌ಬಿಷಪ್ಪರು ಸಿಂಗಪುರದಲ್ಲಿ ಇಬ್ಬರು ಅಮೆರಿಕನ್ನರನ್ನು ಬಿಷಪ್ ಮಾಡಿ ಕಳಿಸಿದ್ದರು. ಆಮೇಲೆ ನೈಜೀರಿಯಾ, ಉಗಾಂಡಾ, ದಕ್ಷಿಣ ಅಮೆರಿಕದ ಬಿಷಪ್ಪರ ಆಸರೆಗೂ ಜನ ಹೋದರು. ಒಂದು ಕಾಲಕ್ಕೆ ಅಮೆರಿಕನ್ನರು ಆಫ್ರಿಕಾಕ್ಕೆ ಮಿಷನರಿಗಳನ್ನು ಕಳಿಸುತ್ತಿದ್ದರು. ಈಗ ಆಫ್ರಿಕಾದ ಬಿಷಪ್ಪರ ಕೈ ಅಮೆರಿಕನ್ನರ ತಲೆ ಮೇಲೆ. ಇಡೀ ಕಥೆಯಲ್ಲಿ ನನಗೆ ಅತಿ ಸ್ವಾರಸ್ಯ ಅನ್ನಿಸುವುದು ಇದು.

ಇವರೆಲ್ಲ 2009ರ ಜೂನಿನಲ್ಲಿ ಒಟ್ಟಾಗಿ ಎ.ಸಿ.ಎನ್.ಎ. ಸ್ಥಾಪಿಸಿದರು. ಪಿಟ್ಸ್‌ಬರ್ಗಿನ ರಾಬರ್ಟ್ ಡಂಕನ್ ಮೊದಲ ಆರ್ಚ್‌ಬಿಷಪ್. ಅದು ನಡೆದದ್ದು ಎಲ್ಲಿ ಗೊತ್ತಾ? ಬೆಡ್‌ಫರ್ಡ್‌ನ ಸೇಂಟ್ ವಿನ್ಸೆಂಟ್ಸ್ ಕೆಥೆಡ್ರಲ್‌ನಲ್ಲಿ, ಅಂದರೆ ನಿಮ್ಮ ಮನೆಯಿಂದ ಕಾರಲ್ಲಿ ಹೋಗಿ ಬರುವಷ್ಟು ದೂರದಲ್ಲಿ. ಇವತ್ತು ಸುಮಾರು ಸಾವಿರ ಸಭೆಗಳಿವೆ, ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. 1873ರಲ್ಲಿ ಹೊರಟಿದ್ದ ರಿಫಾರ್ಮ್ಡ್ ಎಪಿಸ್ಕೋಪಲ್‌ನವರೂ ಇದರೊಳಗೇ ಇದ್ದಾರೆ. ಧೂಪ ಬೇಡ ಅಂದವರ ಮೊಮ್ಮಕ್ಕಳು, ಧೂಪ ಬೇಕು ಅನ್ನುವವರು, ಗಿಟಾರ್ ಹಿಡಿದು ಹಾಡುವವರು, ಎಲ್ಲ ಒಂದೇ ಚಪ್ಪರದಡಿ. ಮಹಿಳೆಯರ ಅಭಿಷೇಕದ ವಿಷಯ ಆಯಾ ಡಯೋಸಿಸ್‌ಗೆ, ಅಂದರೆ ಒಬ್ಬ ಬಿಷಪ್ಪರ ಸೀಮೆಗೆ, ಬಿಟ್ಟಿದ್ದಾರೆ. ಕೆಲವು ಕಡೆ ಮಹಿಳಾ ಪ್ರೀಸ್ಟ್‌ಗಳಿದ್ದಾರೆ, ಕೆಲವು ಕಡೆ ಇಲ್ಲ. ಮಹಿಳಾ ಬಿಷಪ್ ಎಲ್ಲೂ ಇಲ್ಲ. ಮೂರನೇ ಚರ್ಚಿನವರು ಇವರನ್ನು ಒಪ್ಪದಿರುವುದಕ್ಕೆ ದೊಡ್ಡ ಕಾರಣ ಇದೇ. ‘ನಾವು ಮನೆ ಬಿಟ್ಟಿದ್ದೇ ಅದಕ್ಕಾಗಿ, ನೀವು ಅದನ್ನು ಒಳಗೇ ಇಟ್ಟುಕೊಂಡಿದ್ದೀರಲ್ಲ’ ಅಂತ.

ಆಸ್ತಿ ಜಗಳದ ಬಗ್ಗೆ ಹೇಳದಿದ್ದರೆ ನಿಮ್ಮೂರಿನ ಬೋರ್ಡುಗಳು ಅರ್ಥವಾಗುವುದಿಲ್ಲ. ನಮ್ಮಲ್ಲಿ ಚರ್ಚಿನ ಆಸ್ತಿ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಶನ್ ಹೆಸರಿನಲ್ಲಿರುತ್ತದೆ, ಅಲ್ವಾ? ಎಪಿಸ್ಕೋಪಲ್‌ನವರೂ 1979ರಲ್ಲಿ ಒಂದು ನಿಯಮ ಮಾಡಿಕೊಂಡಿದ್ದರು. ಸ್ಥಳೀಯ ಸಭೆ ಬರೀ ಟ್ರಸ್ಟಿ ಇದ್ದಂತೆ, ಆಸ್ತಿ ಇರುವುದು ಡಯೋಸಿಸ್ ಮತ್ತು ಇಡೀ ಸಭೆಯ ಪರವಾಗಿ ಅಂತ. ವರ್ಜೀನಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ ಒಂದು ಕಾಲಕ್ಕೆ ಆಡಳಿತ ಮಂಡಳಿಯಲ್ಲಿದ್ದ ಫಾಲ್ಸ್ ಚರ್ಚ್ ಇದೆ. ಅಲ್ಲಿ ಕೋರ್ಟು 2012ರಲ್ಲಿ ಡಯೋಸಿಸ್ ಪರ ತೀರ್ಪು ಕೊಟ್ಟಿತು. ಹೊರಗೆ ಹೋಗಲು ತೀರ್ಮಾನಿಸಿದ್ದ ಸಾವಿರಾರು ಜನ ಹಳೇ ಕಟ್ಟಡ ಬಿಟ್ಟುಕೊಡಬೇಕಾಯಿತು.

ಫೋರ್ಟ್ ವರ್ತ್‌ನಲ್ಲಿ ಆದದ್ದು ತದ್ವಿರುದ್ಧ. 2008ರಲ್ಲಿ ಬಿಷಪ್ ಜ್ಯಾಕ್ ಐಕರ್ ಜೊತೆ ಡಯೋಸಿಸ್‌ನ ಬಹುಪಾಲು ಜನ ಹೊರಗೆ ಹೋದರು. ಮರುವರ್ಷ ಶುರುವಾದ ಮೊಕದ್ದಮೆ ಹನ್ನೆರಡು ವರ್ಷ ನಡೆಯಿತು. 2020ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಹೊರಗೆ ಹೋದವರ ಪರ ತೀರ್ಪು ಕೊಟ್ಟಿತು. 2021ರ ಫೆಬ್ರುವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಕಟ್ಟಡಗಳ ಜೊತೆ ಹೆಸರೂ ಅವರಿಗೇ ಹೋಯಿತು. ಹಾಗಾಗಿ ನಿಮ್ಮೂರಲ್ಲಿ ಬೋರ್ಡಿನ ಮೇಲೆ ಎಪಿಸ್ಕೋಪಲ್ ಅಂತಿದ್ದೂ ಎ.ಸಿ.ಎನ್.ಎ.ಗೆ ಸೇರಿದ ಚರ್ಚುಗಳಿವೆ! ಎಪಿಸ್ಕೋಪಲ್ ಚರ್ಚಿನಲ್ಲೇ ಉಳಿದವರು ಬೇರೆ ಜಾಗ ನೋಡಿಕೊಂಡು, 2022ರಲ್ಲಿ ಹ್ಯೂಸ್ಟನ್ ಕಡೆಯ ದೊಡ್ಡ ಡಯೋಸಿಸ್‌ನೊಳಗೆ ಸೇರಿದರು. ಆದ್ದರಿಂದ ನಿಮ್ಮ ಮೊದಲ ಚರ್ಚು ನಿಜಕ್ಕೂ ಎಪಿಸ್ಕೋಪಲ್ಲಾ ಅಂತ ಒಂದು ಸಲ ಕೇಳಿ ನೋಡಿ.

‘ಸ್ವತಂತ್ರ’ ಅನ್ನುವ ಪದವೂ ಈಚೆಗೆ ಜಾರುತ್ತಿದೆ. ಕಂಟಿನ್ಯೂಯಿಂಗ್‌ನವರು ನಿಜವಾಗಿಯೂ ಒಂಟಿ. ಎ.ಸಿ.ಎನ್.ಎ. ಕ್ಯಾಂಟರ್ಬರಿಯ ಪಟ್ಟಿಯಲ್ಲಿಲ್ಲ, ಆದರೆ ನೈಜೀರಿಯಾ, ಉಗಾಂಡಾ, ರುವಾಂಡಾದಂಥ ತುಂಬಿ ತುಳುಕುವ ಸಭೆಗಳ ಜೊತೆ ಇದೆ. ಅವರ ಕೂಟ ಗಾಫ್ಕಾನ್ 2008ರಲ್ಲಿ ಜೆರುಸಲೇಮಿನಲ್ಲಿ ಶುರುವಾಯಿತು. 2023ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಸಭೆ ಸಲಿಂಗ ಜೋಡಿಗಳಿಗೆ ಆಶೀರ್ವಾದದ ಪ್ರಾರ್ಥನೆಗಳಿಗೆ ಒಪ್ಪಿತು. ಏಪ್ರಿಲಿನಲ್ಲಿ ಕಿಗಾಲಿಯಲ್ಲಿ ಸೇರಿದ ಗಾಫ್ಕಾನ್, ಕ್ಯಾಂಟರ್ಬರಿಯ ಹಿರಿತನವನ್ನು ಇನ್ನು ಒಪ್ಪಲಾಗದು ಅಂದಿತು. 2025ರ ಅಕ್ಟೋಬರಿನಲ್ಲಿ ಸಾರಾ ಮಲಾಲಿ ಕ್ಯಾಂಟರ್ಬರಿಯ ಮೊದಲ ಮಹಿಳಾ ಆರ್ಚ್‌ಬಿಷಪ್ ಆಗುತ್ತಾರೆ ಅಂತ ಪ್ರಕಟವಾಯಿತು. ಅದೇ ತಿಂಗಳು ಗಾಫ್ಕಾನ್ ‘ಜಾಗತಿಕ ಆಂಗ್ಲಿಕನ್ ಕಮ್ಯೂನಿಯನ್ ಅಂದರೆ ನಾವೇ’ ಎಂದು ಸಾರಿತು. ಅಂದರೆ ಯಾರು ಮನೆಯಲ್ಲಿದ್ದಾರೆ, ಯಾರು ಮನೆ ಬಿಟ್ಟಿದ್ದಾರೆ ಅನ್ನುವುದೇ ಈಗಿನ ಜಗಳ.

ಈಗ ನಿಮ್ಮ ವಿಷಯ. ಕಾಗದದ ಪ್ರಕಾರ ಸಿ.ಎಸ್.ಐ.ಗೆ ಅಮೆರಿಕದಲ್ಲಿ ಸೋದರ ಸಭೆ ಎಪಿಸ್ಕೋಪಲ್ ಚರ್ಚ್. ಎರಡೂ ಒಂದೇ ಪಟ್ಟಿಯಲ್ಲಿವೆ. ಆದರೆ ಮದುವೆ, ಸಂಸಾರದ ವಿಷಯದಲ್ಲಿ ತುಮಕೂರಿನ ಸಭೆಯ ರೂಢಿ ಎ.ಸಿ.ಎನ್.ಎ.ಗೆ ಹತ್ತಿರ ಅಂತ ನಿಮಗೆ ಅನ್ನಿಸಬಹುದು. ಎಪಿಸ್ಕೋಪಲ್‌ನವರು 2015ರಿಂದ ಸಲಿಂಗ ಮದುವೆಗೂ ಆರಾಧನಾ ಕ್ರಮ ಇಟ್ಟುಕೊಂಡಿದ್ದಾರೆ. ಊರಲ್ಲಿ ನಿಮಗೆ ಮಹಿಳಾ ಪ್ರೆಸ್ಬಿಟರ್ (ಪಾದ್ರಿ) ಪ್ರಭುಭೋಜನ ಕೊಟ್ಟಿದ್ದರೆ ಅದು ಮೂರನೇ ಚರ್ಚಿನಲ್ಲಿ ನಡೆಯದ ಮಾತು. ಇನ್ನೊಂದು ಗಮನಿಸಿ. ನಮ್ಮಲ್ಲಿ ಪ್ರಭುಭೋಜನದ ಮುಂಚೆ ಒಬ್ಬರಿಗೊಬ್ಬರು ಕೈಕೊಟ್ಟು ಸಮಾಧಾನ ಹೇಳುತ್ತೇವಲ್ಲ, ಅದು 1950ರ ಸಿ.ಎಸ್.ಐ. ಆರಾಧನಾ ಕ್ರಮದಲ್ಲಿ ಬಂದು ಹೊರದೇಶದ ಸಭೆಗಳ ಮೇಲೂ ಪ್ರಭಾವ ಬೀರಿತು. ಮೊದಲ ಎರಡು ಚರ್ಚಿನಲ್ಲಿ ಪಕ್ಕದವರು ನಿಮಗೆ ಕೈಚಾಚಿದರೆ ಅದರಲ್ಲಿ ನಮ್ಮೂರಿನ ಪಾಲೂ ಇದೆ. ಮೂರನೆಯವರ 1928ರ ಪುಸ್ತಕದಲ್ಲಿ ಅದಿಲ್ಲ.

ಯಾವುದನ್ನು ಆರಿಸಿಕೊಳ್ಳಬೇಕು ಅಂತ ನಾನು ಹೇಳುವುದಿಲ್ಲ. ಅದು ನಿಮ್ಮ ಮನೆಯವರೆಲ್ಲ ಕೂತು ಮಾತಾಡುವ ವಿಷಯ. ಡಲ್ಲಾಸ್ ಕಡೆ ಸಿ.ಎಸ್.ಐ. ಆರಾಧನೆಯೂ ನಡೆಯುತ್ತದೆ, ಹೆಚ್ಚಿನವರು ಮಲಯಾಳಿಗಳು. ದೊಡ್ಡ ಹಬ್ಬಗಳಿಗಾದರೂ ಹೋಗಿ ಬನ್ನಿ, ಅತ್ತೆಗೆ ಖುಷಿಯಾಗುತ್ತದೆ.

ದೀಕ್ಷಾಸ್ನಾನದ ಬಗ್ಗೆ ಚಿಂತೆ ಬೇಡ. ನೀರಿನಿಂದ, ತಂದೆ ಮಗ ಪವಿತ್ರಾತ್ಮನ ಹೆಸರಿನಲ್ಲಿ ಆದರೆ ಮೂವರೂ ಒಪ್ಪುತ್ತಾರೆ. ನಾಳೆ ಊರಿಗೆ ವಾಪಸ್ ಬಂದರೆ ನಿಮ್ಮ ಸಭಾಪಾಲಕರೂ ಒಪ್ಪುತ್ತಾರೆ. ಮತ್ತೆ ಮಾಡಿಸಬೇಕಿಲ್ಲ. ಸರ್ಟಿಫಿಕೇಟ್ ಮಾತ್ರ ಜೋಪಾನ. ಪ್ರಭುಭೋಜನಕ್ಕೆ ಮೊದಲ ಎರಡು ಕಡೆ ದೀಕ್ಷಾಸ್ನಾನ ಆದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ. ಮೂರನೇ ಕಡೆ ಆರಾಧನೆಗೆ ಮುಂಚೆಯೇ ಪ್ರೀಸ್ಟ್ ಹತ್ತಿರ ಮಾತಾಡಿ. ಸದಸ್ಯರಾಗಬೇಕಾದರೆ ಅವರ ಬಿಷಪ್ಪರ ಕೈಯಲ್ಲಿ ದೃಢೀಕರಣದ (ಕನ್ಫರ್ಮೇಶನ್) ಸಂಸ್ಕಾರ ಮತ್ತೆ ಆಗಬೇಕು ಅಂತ ಕೇಳಬಹುದು. ಕಾರಣ ಏನು ಅಂತ ಈಗ ನಿಮಗೇ ಗೊತ್ತು.

ಇನ್ನು ಅತ್ತೆಯವರ ಪ್ರಶ್ನೆ. ಇಲ್ಲ, ಧೂಪ ಹಾಕಿದ ಮಾತ್ರಕ್ಕೆ ರೋಮನ್ನರಲ್ಲ. ಅವರ ಹೆಸರಿನಲ್ಲಿರುವ ‘ಕ್ಯಾಥೊಲಿಕ್’ಗೆ ಪೋಪರ ಸಂಬಂಧ ಇಲ್ಲ. ಆದರೆ ಅತ್ತೆಯ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಹೀಗೆ ಹೊರಟವರಲ್ಲಿ ಕೆಲವರು ಕೊನೆಗೆ ರೋಮಿಗೇ ಸೇರಿದರು. 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಅದಕ್ಕಾಗಿಯೇ ಒಂದು ಬಾಗಿಲು ತೆರೆದರು. ಆಂಗ್ಲಿಕನ್ ಪ್ರಾರ್ಥನೆಗಳನ್ನು ಇಟ್ಟುಕೊಂಡೇ ಕ್ಯಾಥೊಲಿಕರಾಗಬಹುದು ಅಂತ. ನಿಮ್ಮ ಹತ್ತಿರದ ಆರ್ಲಿಂಗ್ಟನ್‌ನಲ್ಲೇ ಅಂಥದ್ದೊಂದು ಚರ್ಚಿದೆ. ಒಳಗೆ ಹೋಗಿ ಕೂತರೆ, ಭಾಷೆ ಕೇಳಿ ಆಂಗ್ಲಿಕನ್ ಅಂದುಕೊಳ್ಳುತ್ತೀರಿ.

ವ್ಯತ್ಯಾಸ ಕಂಡುಹಿಡಿಯೋದು ಹೇಗೆ ಅಂತ ಅತ್ತೆಗೆ ಹೇಳಿಕೊಡಿ. ಸಭೆಗಾಗಿ ಪ್ರಾರ್ಥನೆ ಮಾಡುವಾಗ ಯಾರ್ಯಾರ ಹೆಸರು ಹೇಳುತ್ತಾರೆ ಅಂತ ಕಿವಿಗೊಟ್ಟು ಕೇಳಬೇಕು. ನಮ್ಮಲ್ಲಿ ಸಿ.ಎಸ್.ಐ. ಮುಖ್ಯಸ್ಥರಾದ ಮಾಡರೇಟರ್ ಮತ್ತು ನಮ್ಮ ಬಿಷಪ್ಪರಿಗಾಗಿ ಬೇಡುವ ಹಾಗೆ ಅಲ್ಲೂ ಬೇಡುತ್ತಾರೆ. ಪೋಪರ ಹೆಸರು ಬಂದರೆ ರೋಮ್. ಬೇರೆ ಹೆಸರು ಬಂದರೆ ಬರೆದುಕೊಂಡು ಬಂದು, ಆ ಬಿಷಪ್ ಯಾವ ಸಭೆಯವರು ಅಂತ ಫೋನಿನಲ್ಲಿ ಹುಡುಕಿ.